ಅಮೆರಿಕದಿಂದ ಬಂದ ವಿಡಿಯೊ ಕ್ಯಾಸೆಟ್ಟನ್ನು ಸ್ಟುಡಿಯೊಗೆ ಕೊಡುವ ಮುನ್ನ

ಅಮೆರಿಕದಲ್ಲಿರುವ ಮಕ್ಕಳೋ ಒಡಹುಟ್ಟಿದವರೋ ಕಳಿಸಿದ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಜೋಪಾನ ಮಾಡಿಟ್ಟುಕೊಂಡಿರುವ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು.

1990ರ ದಶಕದಲ್ಲಿ ನಮ್ಮವ್ವ ಅಕ್ಕನ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಾಗ ಭಾವ ಚಿತ್ರೀಕರಿಸಿದ್ದ ಎರಡು ಕ್ಯಾಸೆಟ್ಟುಗಳನ್ನು, ಅವು ಅಮೆರಿಕದವೆಂದು ತಿಳಿಸಿಯೇ, ಪೆನ್‌ಡ್ರೈವಿಗೆ ಹಾಕಿಕೊಡಲು ಬಳ್ಳಾರಿಯ ಒಂದು ಸ್ಟುಡಿಯೊಗೆ ಕೊಟ್ಟಿದ್ದೆ. ಅವರು ಮರಳಿಸಿದ್ದು ಬಣ್ಣವಿಲ್ಲದ, ಮೇಲಿಂದ ಕೆಳಕ್ಕೆ ಉರುಳುತ್ತಲೇ ಇದ್ದ ಚಿತ್ರ. ತೊಟ್ಟಿಲು ತೂಗುತ್ತ ಅವ್ವ ಜೋಗುಳ ಹಾಡುವ ಕಡೆ ಆಕೆಯ ಸಣ್ಣ ದನಿ ಗಂಡಸಿನ ದನಿಯಷ್ಟು ದಪ್ಪವಾಗಿ, ಎಳೆದೆಳೆದು ಕೇಳುತ್ತಿತ್ತು. ಟೇಪಿಗೆ ಬೂಷ್ಟು ಹಿಡಿದಿದೆಯೆಂದ ಸ್ಟುಡಿಯೊದವರು ಸ್ವಚ್ಛ ಮಾಡಲೆಂದು ಒಂದು ಕ್ಯಾಸೆಟ್ಟನ್ನು ಬಿಚ್ಚಿ, ಟೇಪನ್ನು ಸುಕ್ಕುಗಟ್ಟಿಸಿ, ಅದಕ್ಕೂ ಹಣ ಪಡೆದರು.

ದೋಷ ಟೇಪಿನದಾಗಿರಲಿಲ್ಲ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ-ವಿಡಿಯೊ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಬಣ್ಣದ ಸಂಕೇತವೂ ಬೇರೆಯಾದ್ದರಿಂದ ಪಾಲ್ ಮಾತ್ರ ಬಲ್ಲ ವಿಸಿಆರ್‌ನಲ್ಲಿ (ಕ್ಯಾಸೆಟ್ಟು ಓಡಿಸುವ ಯಂತ್ರದಲ್ಲಿ) ಬಣ್ಣ ಮಾಯವಾಗುತ್ತದೆ, ಮತ್ತು ಆ ಯಂತ್ರ 25ರ ಲೆಕ್ಕದಲ್ಲೇ ಟೇಪನ್ನು ಓಡಿಸುವುದರಿಂದ ವೇಗ ಕುಗ್ಗಿ ದನಿ ಇಳಿಯುತ್ತದೆ. ಬೂಷ್ಟಾಗಿದ್ದರೆ ಕ್ಯಾಸೆಟ್ಟಿನ ಕಿಂಡಿಯಿಂದಲೇ ಸುರುಳಿಯ ಮೇಲೆ ಬಿಳಿ ಮಚ್ಚೆಗಳು ಕಾಣಬೇಕಿತ್ತು. ಅದರಿಂದ ಚಿತ್ರದಲ್ಲಿ ಗೀರು, ಚುಕ್ಕೆಗಳು ಮೂಡಬಹುದೇ ಹೊರತು ದನಿ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ದಪ್ಪಗಾಗುವುದಿಲ್ಲ. ಇಷ್ಟನ್ನು ತಿಳಿದಿರಬೇಕಾದದ್ದು ಈ ಕೆಲಸಕ್ಕೆ ದುಡ್ಡು ಪಡೆಯುವವರ ಕರ್ತವ್ಯವೆಂದೇ ನನ್ನ ಅಭಿಪ್ರಾಯ. ಬಿಚ್ಚದೆ ಉಳಿದ ಕ್ಯಾಸೆಟ್ಟು ಬೆಂಗಳೂರಿನಲ್ಲಿ ಎರಡೂ ಪದ್ಧತಿಗಳ ಯಂತ್ರವಿದ್ದವರ ಬಳಿ ಪೂರ್ಣ ಬಣ್ಣದಲ್ಲಿ ಬಂತು. ಜೋಗುಳದ ಭಾಗವಿದ್ದದ್ದು ಸುಕ್ಕಾದ ಟೇಪಿನಲ್ಲಿ.

ಆದ್ದರಿಂದ ಅವರ ವಿಸಿಆರ್ ಎನ್‌ಟಿಎಸ್‌ಸಿ ಓಡಿಸುತ್ತದೆಯೇ ಎಂದು ಸ್ಟುಡಿಯೊದವರನ್ನು ಮೊದಲೇ ಕೇಳಿ, ಕೆಲವು ನಿಮಿಷ ನಿಮ್ಮೆದುರಿಗೇ ಹಾಕಿಸಿ, ಬಣ್ಣ ಮತ್ತು ದನಿ ಸರಿಯಾಗಿದ್ದರೆ ಮಾತ್ರ ಒಪ್ಪಿಸಿ. ಕ್ಯಾಸೆಟ್ಟು ಬಿಚ್ಚಲು ಯಾವ ಕಾರಣಕ್ಕೂ ಬಿಡಬೇಡಿ. ಫೈಲಿನ ವಿವರದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) 29.97 ಎಂದಿರಲಿ, ಈಗಿನ ಟಿವಿ, ಮೊಬೈಲುಗಳು ಎರಡನ್ನೂ ತೋರಿಸುವುದರಿಂದ ಅದನ್ನು 25ಕ್ಕೆ ಬದಲಿಸುವ ಅಗತ್ಯವಿಲ್ಲ. ದುಬೈ ಕ್ಯಾಸೆಟ್ಟುಗಳಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ, ಅಲ್ಲಿಯೂ ಪಾಲ್ ಪದ್ಧತಿಯೇ ಇತ್ತು. ಅಮೆರಿಕದಿಂದಲೇ ವಿಸಿಆರ್ ತರಿಸುವ ಯೋಚನೆಯಿದ್ದರೆ, 120 ವೋಲ್ಟಿನ ಆ ಯಂತ್ರವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕದೆ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಓಡಿಸಿ.