ಎಂಎಸ್‌ವೈಎಸ್2: ಮೂರು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನ ನಮ್ಮ ಸಣ್ಣ ಆಫೀಸಿನಲ್ಲಿ ಕಾಫಿ ತೋಟಗಳ ಮಳೆ ಲೆಕ್ಕ ಇಡುತ್ತೇವೆ. ಅದಕ್ಕಾಗಿ ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದುಕೊಂಡ ಪುಟ್ಟ ಪ್ರೋಗ್ರಾಮ್‌ಗಳಿವೆ. ತೋಟದ ರೈಟರ್‌ಗಳ (ಲೆಕ್ಕ ಬರೆಯುವವರ) ಹತ್ತಿರ ಇರುವುದು ವಿಂಡೋಸ್. ಅವರಿಗಾಗಿ ಎಂಎಸ್‌ವೈಎಸ್2ನಲ್ಲಿ, ಅಂದರೆ ಯುನಿಕ್ಸ್ ರೀತಿಯ ಸಲಕರಣೆಗಳನ್ನು ವಿಂಡೋಸ್‌ಗೆ ತರುವ ತಂತ್ರಾಂಶದಲ್ಲಿ, ಕಂಪೈಲ್ ಮಾಡಿ ಕೊಡುತ್ತಿದ್ದೇನೆ. ಇನ್‌ಸ್ಟಾಲ್ ಸಲೀಸು, ಜಿಸಿಸಿ ಕಂಪೈಲರ್, ಮೇಕ್ ಎಲ್ಲ ಅದರ ಪ್ಯಾಕೇಜ್ ಮ್ಯಾನೇಜರ್ ಪ್ಯಾಕ್‌ಮ್ಯಾನ್‌ನಲ್ಲಿ ಸಿಗುತ್ತವೆ. ತೊಡಕೆಲ್ಲ ಡೀಫಾಲ್ಟ್‌ನದು, ಅಂದರೆ ನಾವು ಏನೂ ಹೇಳದಿದ್ದಾಗ ಫೈಲನ್ನು ತೆರೆಯುವ ರೀತಿಯದು.

ನಮ್ಮ ಫೈಲಿನಲ್ಲಿ ದಿನಕ್ಕೊಂದು ಬೈಟ್, ಅದರಲ್ಲಿ ಆವತ್ತಿನ ಮಳೆ ಮಿಲಿಮೀಟರ್ ಲೆಕ್ಕದಲ್ಲಿ. ಮೊದಲ ವರ್ಷ ಆಲ್ದೂರು ಕಡೆಯ ರೈಟರ್ ಒಬ್ಬರು ಫೋನ್ ಮಾಡಿ, "ಸಾರ್, ಏಪ್ರಿಲ್ 12ಕ್ಕೆ ಒಂದಿಂಚು ಹೂ ಮಳೆ ಬಿದ್ದಿದೆ. ನಿಮ್ಮ ಪಟ್ಟಿ 11ಕ್ಕೇ ಮುಗಿದೋಗಿದೆಯಲ್ಲ?" ಅಂದರು. ಫೈಲಿನಲ್ಲಿ 365 ಬೈಟೂ ಇದ್ದವು, ಪ್ರೋಗ್ರಾಮ್ ಮಾತ್ರ 101 ಓದಿ ನಿಂತಿತ್ತು. 102ನೆಯ ಬೈಟ್ 26. ಆ ಸಂಖ್ಯೆಯೇ ಕಂಟ್ರೋಲ್-ಝಡ್. ಟೆಕ್ಸ್ಟ್ ಮೋಡಿನಲ್ಲಿ, ಅಂದರೆ ಬರಹದ ಫೈಲೆಂದು, ತೆರೆದ ಫೈಲಿನಲ್ಲಿ ಅದು ಕಂಡರೆ ವಿಂಡೋಸ್‌ನ ಸಿ ರನ್‌ಟೈಮ್ (ಸಿ ಪ್ರೋಗ್ರಾಮ್‌ಗಳು ಬಳಸುವ ಲೈಬ್ರರಿ) ಫೈಲ್ ಮುಗಿಯಿತು ಅಂದುಕೊಳ್ಳುತ್ತದೆ. ನಾವು ಏನೂ ಹೇಳದಿದ್ದರೆ ಟೆಕ್ಸ್ಟ್ ಮೋಡೇ. ಬರೆಯುವಾಗ ಇನ್ನೂ ಕಷ್ಟ: 10 ಹೊಸ ಸಾಲಿನ ಗುರುತಾದ್ದರಿಂದ ಅದರ ಹಿಂದೆ ಒಂದು 13 ಸೇರುತ್ತದೆ. 10 ಮಿಲಿಮೀಟರ್ ಮಳೆಯಾದ ದಿನ ಎರಡು ದಿನವಾಗಿ, ಮುಂದಿನ ತಾರೀಕುಗಳೆಲ್ಲ ಜರುಗಿಬಿಡುತ್ತವೆ.

ನನ್ನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ. ನಾನು ನೋಡಿದ್ದು ಎಂಎಸ್‌ವೈಎಸ್2ರೊಳಗಿನ ಎಂಎಸ್‌ವೈಎಸ್ ಪರಿಸರದಲ್ಲಿ; ಅದು ಸಿಗ್ವಿನ್ (ವಿಂಡೋಸ್ ಮೇಲೆ ಯುನಿಕ್ಸ್‌ನಂತೆ ನಡೆಯುವ ಪದರ) ಮೂಲದ್ದು, ಯುನಿಕ್ಸ್ ರೀತಿಯಲ್ಲೇ ಬೈಟನ್ನು ಬೈಟಾಗಿ ಓದುತ್ತದೆ. ರೈಟರ್‌ಗೆ ಕೊಟ್ಟದ್ದು ಯುಸಿಆರ್‌ಟಿ64ನಲ್ಲಿ, ಅಂದರೆ ವಿಂಡೋಸ್‌ನ ಸಿ ರನ್‌ಟೈಮನ್ನೇ ಬಳಸುವ ಇನ್ನೊಂದು ಪರಿಸರದಲ್ಲಿ, ಕಟ್ಟಿದ್ದು. ಸೋರ್ಸ್ ಒಂದೇ, ನಡವಳಿಕೆ ಎರಡು.

ಪರಿಹಾರ ಚಿಕ್ಕದು. ಫೈಲ್ ತೆರೆಯುವ ಎಫ್‌ಓಪನ್‌ಗೆ ಆರ್ ಬದಲು ಆರ್‌ಬಿ, ಡಬ್ಲ್ಯೂ ಬದಲು ಡಬ್ಲ್ಯೂಬಿ ಕೊಡಬೇಕು; ಬಿ ಅಂದರೆ ಬೈನರಿ, ಬೈಟನ್ನು ಇದ್ದಂತೆಯೇ ಓದು, ಬರೆ ಎಂದು. ಲಿನಕ್ಸ್‌ನಲ್ಲಿ ಆ ಬಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಹಾಗಾಗಿ ಎರಡೂ ಕಡೆಗೆ ಅದೇ ಕೋಡ್ ನಡೆಯುತ್ತದೆ. ಪೈಪಿನಿಂದ, ಅಂದರೆ ಇನ್ನೊಂದು ಪ್ರೋಗ್ರಾಮ್‌ನಿಂದ ನೇರವಾಗಿ, ಓದುವ ಪ್ರೋಗ್ರಾಮ್‌ಗೆ ಅದೇ ಕೆಲಸಕ್ಕೆ ಸೆಟ್‌ಮೋಡ್ ಬೇಕು. ಲಾಂಗ್ ಎಂಬ ಸಂಖ್ಯೆಯ ಟೈಪ್‌ನ ಅಳತೆ ಕೂಡ ನೋಡಿಕೊಳ್ಳಿ, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, ವಿಂಡೋಸ್‌ನಲ್ಲಿ 4.

ಯುನಿಕ್ಸ್‌ನಿಂದ ಬಂದ ಪ್ರೋಗ್ರಾಮ್‌ಗೆ ಬೈನರಿಯೇ ಡೀಫಾಲ್ಟ್ ಆಗಿರಬೇಕಿತ್ತು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಸಾಲಿನ ಕೊನೆಯಲ್ಲಿ 13 ಇಲ್ಲದಿದ್ದರೆ ಕಣ್ಣಿಗೆ ಕಾಣುತ್ತದೆ, ಸರಿಮಾಡಬಹುದು. ಮಳೆ ಲೆಕ್ಕ ನಡುವೆಯೇ ಕಡಿದುಹೋದರೆ ಯಾರಾದರೂ ಫೋನ್ ಮಾಡಿದಾಗಲೇ ಗೊತ್ತಾಗುವುದು. ಆದರೂ ಎಂಎಸ್‌ವೈಎಸ್2 ಬಿಟ್ಟಿಲ್ಲ, ಬಿಡುವುದೂ ಇಲ್ಲ. ಯುಸಿಆರ್‌ಟಿ64ನಲ್ಲಿ ಕಟ್ಟಿದ್ದು ರೈಟರ್‌ಗಳ ಹಳೆ ಲ್ಯಾಪ್‌ಟಾಪಿನಲ್ಲೂ ಚುರುಕಾಗಿ ಓಡುತ್ತದೆ. ಈಗ ಯಾವುದನ್ನೇ ಕಳಿಸುವ ಮುಂಚೆ 0ಯಿಂದ 255ರವರೆಗಿನ ಎಲ್ಲ ಬೈಟ್ ಇರುವ ಫೈಲನ್ನು ಓದಿಸಿ, ಬರೆಸಿ, ಆಚೆ 256 ಬಂತಾ ಎಂದು ಎಣಿಸುತ್ತೇನೆ.