ಪೆನ್‌ಡ್ರೈವಿನಲ್ಲಿ ಏಳು ಬ್ಯಾಕಪ್ ಇದ್ದವು, ಏಳೂ ಮೊಟಕು: ಸಣ್ಣ ಕಚೇರಿಗಳಿಗೆ ಒಂದು ಎಚ್ಚರಿಕೆ

ಆರು ಕಂಪ್ಯೂಟರಿನ ಸಣ್ಣ ಕಚೇರಿ. ಲೆಕ್ಕ, ದಾಸ್ತಾನು, ಗ್ರಾಹಕರ ಬಾಕಿ ಎಲ್ಲವೂ ಮೂಲೆಯಲ್ಲಿದ್ದ ಒಂದೇ ಯಂತ್ರದ ಮೈಸೀಕ್ವೆಲ್ ಡೇಟಾಬೇಸಿನಲ್ಲಿ. ಒಂದು ಬೆಳಿಗ್ಗೆ ಅದರ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿತು, ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಯಿತು. ಯಾರೂ ಗಾಬರಿಯಾಗಲಿಲ್ಲ. ದಿನಾ ರಾತ್ರಿ ಹನ್ನೊಂದಕ್ಕೆ ಬ್ಯಾಕಪ್ ಓಡುತ್ತಿತ್ತು. ಪೆನ್‌ಡ್ರೈವಿನಲ್ಲಿ ಏಳು ದಿನದ ಏಳು ಫೈಲುಗಳಿದ್ದವು, ಕೊನೆಯದರ ಮೇಲೆ ನಿನ್ನೆಯದೇ ತಾರೀಖು. ತೆರೆದು ನೋಡಿದರೆ ಒಂದೂ ಪೂರ್ತಿ ಇರಲಿಲ್ಲ.

ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿತ್ತು. ಫಾರ್ಮ್ಯಾಟ್ ಎಂದರೆ ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ. ಫ್ಯಾಟ್32ರಲ್ಲಿ ಒಂದು ಫೈಲು 4,29,49,67,295 ಬೈಟ್ ದಾಟುವಂತಿಲ್ಲ, ಅಂದರೆ 4 ಜಿಬಿಗೆ ಒಂದು ಬೈಟ್ ಕಮ್ಮಿ. ಡ್ರೈವಿನಲ್ಲಿ ಎಷ್ಟೇ ಜಾಗ ಖಾಲಿ ಇದ್ದರೂ ಅಷ್ಟೇ. ಶುರುವಿನಲ್ಲಿ ಡಂಪ್ ಫೈಲು (ಡೇಟಾಬೇಸಿನಲ್ಲಿರುವುದನ್ನೆಲ್ಲ ಬರೆದಿಟ್ಟ ಒಂದೇ ಫೈಲು) ಪುಟ್ಟದಿತ್ತು, ತಕರಾರಿಲ್ಲದೆ ಕೂತಿತು. ವ್ಯಾಪಾರ ಬೆಳೆದಂತೆ ಅದೂ ಬೆಳೆಯಿತು, ಒಂದು ರಾತ್ರಿ ಆ ಗೆರೆ ದಾಟಿತು. ಬರೆಯುವ ಪ್ರೋಗ್ರಾಂ ಗೆರೆಯ ಹತ್ತಿರ ಬಂದು ದೋಷ ತೋರಿಸಿ ನಿಂತಿತು. ಆ ದೋಷ ಹೋದದ್ದು ಯಾರೂ ನೋಡದ ಕಪ್ಪು ಕಿಟಕಿಗೆ. ಬ್ಯಾಕಪ್ ಓಡಿಸುವ ಆದೇಶಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್, ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಯಿತು. ಆ ಸಾಲಿನಲ್ಲಿದ್ದದ್ದು: ಏಳಕ್ಕಿಂತ ಹಳೆಯದನ್ನು ಅಳಿಸು. ಹೀಗೆ ಏಳು ರಾತ್ರಿ ಕಳೆಯುವಷ್ಟರಲ್ಲಿ ಕೊನೆಯ ಒಳ್ಳೆಯ ಪ್ರತಿಯನ್ನು ಬ್ಯಾಕಪ್ಪೇ ಅಳಿಸಿಹಾಕಿತ್ತು.

ಸುಳಿವು ಕಣ್ಣೆದುರೇ ಇತ್ತು. ಏಳೂ ಫೈಲುಗಳ ಗಾತ್ರ ಬೈಟಿಗೆ ಬೈಟ್ ಸಮ. ದಿನಾ ಬಿಲ್ ಹಾಕುವ ಕಡೆ ಡಂಪ್ ದಿನಾ ಚೂರಾದರೂ ಉಬ್ಬಬೇಕು. ವಾರವಿಡೀ ಒಂದೇ ಅಳತೆಯಲ್ಲಿದ್ದರೆ ಎಲ್ಲೋ ಬಾಗಿಲು ಮುಚ್ಚಿಕೊಂಡಿದೆ ಎಂದೇ ಅರ್ಥ. ಬ್ಯಾಕಪ್ ನೋಡುವವರು ತಾರೀಖು ನೋಡುತ್ತಾರೆ, ಗಾತ್ರದ ಕಾಲಮ್ಮಿನ ಕಡೆ ಕಣ್ಣು ಹಾಯಿಸುವುದಿಲ್ಲ.

ಮೊಟಕಾದ ಡಂಪಿನಲ್ಲಿ ಏನು ಉಳಿಯುತ್ತದೆ ಎಂಬುದೂ ಕ್ರೂರವೇ. ಡಂಪ್ ತೆಗೆಯುವ ಪ್ರೋಗ್ರಾಂ ಮೈಸೀಕ್ವೆಲ್‌ಡಂಪ್ ಕೋಷ್ಟಕಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆಯುತ್ತದೆ. ಕಸ್ಟಮರ್ ಮೊದಲು, ವೋಚರ್ ಕಟ್ಟಕಡೆಗೆ. ಹಾಗಾಗಿ ಗ್ರಾಹಕರ ಹೆಸರು, ವಿಳಾಸಗಳೆಲ್ಲ ಮರಳಿ ಬಂದವು, ವೋಚರುಗಳು ಅರ್ಧಕ್ಕೇ ಕಡಿದುಹೋದವು. ಕೊಡಬೇಕಾದವರು ಯಾರೆಂದು ಗೊತ್ತು, ಎಷ್ಟೆಂದು ಗೊತ್ತಿಲ್ಲ.

ಪೆನ್‌ಡ್ರೈವಿನ ಫಾರ್ಮ್ಯಾಟನ್ನು ಎಕ್ಸ್‌ಫ್ಯಾಟ್‌ಗೋ ಎನ್‌ಟಿಎಫ್‌ಎಸ್‌ಗೋ ಬದಲಿಸಿದರೆ ಈ ಒಂದು ತೂತು ಮುಚ್ಚುತ್ತದೆ, ನಿಜ. ರೋಗ ಇರುವುದು ಸ್ಕ್ರಿಪ್ಟಿನಲ್ಲಿ. ಪೂರ್ತಿಯಾದ ಡಂಪಿನ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಇರುತ್ತದೆ (ಟಿಪ್ಪಣಿಗಳನ್ನು ಬೇಡವೆಂದು ನೀವೇ ನಿಲ್ಲಿಸಿರದಿದ್ದರೆ). ಆ ಸಾಲು ಸಿಕ್ಕ ಮೇಲೆಯೇ ಹಳೆಯದನ್ನು ಅಳಿಸಬೇಕು, ಸಿಗದಿದ್ದರೆ ಯಾರಿಗಾದರೂ ಸಂದೇಶ ಹೋಗಬೇಕು. ಲಿನಕ್ಸ್‌ನಲ್ಲಿ ಡಂಪನ್ನು ನೇರ ಜಿಜಿಪ್‌ಗೆ (ಫೈಲು ಕುಗ್ಗಿಸುವ ಪ್ರೋಗ್ರಾಂ) ಪೈಪ್ ಮಾಡುವವರು, ಅಂದರೆ ಒಂದು ಆದೇಶದ ಫಲವನ್ನು ಮುಂದಿನದಕ್ಕೆ ಹರಿಸುವವರು, ಇನ್ನೊಂದು ಗಮನಿಸಿ: ಆದೇಶಗಳನ್ನು ಓಡಿಸುವ ಶೆಲ್ (ಬ್ಯಾಷ್ ಅಂಥದೊಂದು) ಹೇಳುವುದು ಪೈಪಿನ ಕೊನೆಯ ಆದೇಶದ ಫಲಿತಾಂಶ ಮಾತ್ರ. ಡಂಪ್ ನಡುವೆ ಸತ್ತರೂ ಜಿಜಿಪ್ ಸಿಕ್ಕಿದ್ದನ್ನು ಚೆನ್ನಾಗಿ ಸುತ್ತಿಟ್ಟು ‘ಯಶಸ್ವಿ’ ಎನ್ನುತ್ತದೆ. ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆ ಹಾಕದೆ ಅಂಥ ಸ್ಕ್ರಿಪ್ಟನ್ನು ನಂಬಬೇಡಿ. ಇನ್ನೊಡಿಬಿ (ಮೈಸೀಕ್ವೆಲ್‌ನ ರೂಢಿಯ ಬಗೆ) ಕೋಷ್ಟಕಗಳಿದ್ದರೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆಯೂ ಬೇಕು, ಇಲ್ಲದಿದ್ದರೆ ಡಂಪ್ ಮುಗಿಯುವವರೆಗೆ ಕೋಷ್ಟಕಗಳಿಗೆ ಬೀಗ ಬಿದ್ದು, ಆಗ ಬಿಲ್ ಹಾಕುವವರು ಕಾಯಬೇಕಾಗುತ್ತದೆ. ಡೇಟಾಬೇಸ್ ಓಡುತ್ತಿರುವಾಗಲೇ ಅದರ ಫೈಲುಗಳನ್ನು ಎಳೆದು ಬೇರೆಡೆ ಹಾಕಿಕೊಳ್ಳುವುದಂತೂ ಬ್ಯಾಕಪ್ಪೇ ಅಲ್ಲ.

ಅದೇ ಕಚೇರಿಯಲ್ಲಿ ಎರಡನೇ ಪ್ರತಿಯೂ ಇತ್ತು. ಪತ್ರ, ಕೊಟೇಶನ್, ಹಳೆಯ ಇಮೇಲ್‌ಗಳನ್ನು ವಿಂಡೋಸಿನ ನಕಲು ಪ್ರೋಗ್ರಾಂ ರೋಬೋಕಾಪಿ ರಾತ್ರಿ ಒಂದು ನೆಟ್‌ವರ್ಕ್ ಡ್ರೈವಿಗೆ ನಕಲಿಸುತ್ತಿತ್ತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ‘ರನ್ನಿಂಗ್’ ಎಂದೇ ಕಾಣುತ್ತಿತ್ತು, ಅದೂ ಹಗಲು ಹೊತ್ತಿನಲ್ಲಿ! ಆ ಪದ ಕಂಡು ಎಲ್ಲರೂ ನಿಶ್ಚಿಂತರಾಗಿದ್ದರು. ಅಲ್ಲಿ ಆಗುತ್ತಿದ್ದದ್ದೇ ಬೇರೆ. ಯಾರೋ ಔಟ್‌ಲುಕ್ ಮುಚ್ಚದೆ ಮನೆಗೆ ಹೋಗುತ್ತಿದ್ದರು, ಅದರ ಇಮೇಲ್‌ಗಳಿರುವ ಪಿಎಸ್‌ಟಿ ಫೈಲಿಗೆ ಬೀಗ ಬಿದ್ದಿರುತ್ತಿತ್ತು. ಬೀಗ ಬಿದ್ದ ಫೈಲು ಸಿಕ್ಕರೆ ರೋಬೋಕಾಪಿ 30 ಸೆಕೆಂಡ್ ಕಾದು ಮತ್ತೆ ಯತ್ನಿಸುತ್ತದೆ. ಎಷ್ಟು ಸಲ? ನಾವು ಬದಲಿಸದಿದ್ದರೆ 10 ಲಕ್ಷ ಸಲ. ಲೆಕ್ಕ ಹಾಕಿ, ಒಂದೇ ಫೈಲಿನ ಮುಂದೆ ಸುಮಾರು 347 ದಿನ ನಿಂತಿರಲು ಅದು ತಯಾರು. ಶೆಡ್ಯೂಲರ್ ತನ್ನ ರೂಢಿಯ ಮಿತಿಯಂತೆ ಮೂರು ದಿನಕ್ಕೆ ಅದನ್ನು ನಿಲ್ಲಿಸುತ್ತಿತ್ತು, ಮುಂದಿನ ರಾತ್ರಿ ಅದು ಮತ್ತೆ ಅದೇ ಫೈಲಿನ ಹೊಸ್ತಿಲಲ್ಲಿ ಕೂರುತ್ತಿತ್ತು. ಸಾಲಿನಲ್ಲಿ ಅದರ ಹಿಂದಿದ್ದ ಫೋಲ್ಡರುಗಳಿಗೆ ತಿಂಗಳುಗಟ್ಟಲೆ ಸರದಿಯೇ ಬರಲಿಲ್ಲ. ಮರುಯತ್ನ 2, ಕಾಯುವುದು 5 ಸೆಕೆಂಡ್ ಎಂದು ಬರೆದು, ಲಾಗ್ ಫೈಲು ಇಡಿಸಿ. ರೋಬೋಕಾಪಿಯ ನಿರ್ಗಮನ ಸಂಖ್ಯೆ 8 ಅಥವಾ ಮೇಲಿದ್ದರೆ ಕೆಲವಾದರೂ ಫೈಲು ನಕಲಾಗಿಲ್ಲ ಎಂದರ್ಥ. 1 ಬಂದರೆ ಹೆದರಬೇಡಿ, ನಕಲು ಸರಿಯಾಗಿ ಆಗಿದೆ.

ರೋಬೋಕಾಪಿಯ ‘ಮಿರರ್’ ಆಯ್ಕೆ ಬಳಸುವವರಿಗೂ ಒಂದು ಮಾತು. ಮೂಲದಲ್ಲಿ ಇಲ್ಲದ್ದನ್ನು ಅದು ಪ್ರತಿಯಿಂದಲೂ ತೆಗೆಯುತ್ತದೆ. ಹೊಸ ಖಾಲಿ ಡಿಸ್ಕಿಗೆ ಹಳೆಯದರ ಡ್ರೈವ್ ಅಕ್ಷರವನ್ನೇ (ಡಿ, ಇ ಇತ್ಯಾದಿ) ಕೊಟ್ಟು, ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿಟ್ಟು, ರಾತ್ರಿಯ ಕೆಲಸವನ್ನು ನಿಲ್ಲಿಸಲು ಮರೆತರೆ ಬೆಳಗಾಗುವಷ್ಟರಲ್ಲಿ ಎರಡೂ ಕಡೆ ಖಾಲಿ. ಕ್ಲೌಡ್ ಸಿಂಕ್ ಫೋಲ್ಡರಿನದೂ ಇದೇ ಗುಣ: ಅಳಿಸಿದ್ದು ಎಲ್ಲ ಕಡೆ ಅಳಿಯುತ್ತದೆ, ಹಣ ಕೀಳಲು ಫೈಲುಗಳಿಗೆ ಬೀಗ ಜಡಿಯುವ ರ‍್ಯಾನ್ಸಮ್‌ವೇರ್ ಗೂಢಲಿಪಿ ಮಾಡಿದ್ದು ಎಲ್ಲ ಕಡೆ ಹಾಗೆಯೇ ಹರಡುತ್ತದೆ. ಹಳೆಯ ಆವೃತ್ತಿಗಳು ಕೆಲವು ದಿನ ಸಿಗುತ್ತವೆ, ಅದೂ ಯಾರಾದರೂ ಆ ಅವಧಿಯೊಳಗೆ ಗಮನಿಸಿದರೆ. ರ‍್ಯಾನ್ಸಮ್‌ವೇರ್ ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳಾದ ಶ್ಯಾಡೋ ಕಾಪಿಗಳನ್ನು ಮೊದಲೇ ಅಳಿಸಿ, ಚುಚ್ಚಿಟ್ಟ ಯುಎಸ್‌ಬಿ ಡ್ರೈವುಗಳಿಗೂ ಕೈಹಾಕುತ್ತದೆ. ಆದ್ದರಿಂದ ಎರಡು ಡ್ರೈವ್ ಇಟ್ಟುಕೊಂಡು ವಾರಕ್ಕೊಮ್ಮೆ ಅದಲುಬದಲು ಮಾಡಿ, ಕಿತ್ತದ್ದು ಬೇರೆ ಕಟ್ಟಡದಲ್ಲಿರಲಿ. ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ) ಬಗ್ಗೆ ಕೇಳಬೇಡಿ. ಅದು ಡಿಸ್ಕ್ ಸತ್ತರೆ ಯಂತ್ರ ನಿಲ್ಲದಿರಲಿ ಎಂದಿರುವುದು, ಅಳಿಸಿದ ಫೈಲು ವಾಪಸ್ ಕೊಡಲು ಅಲ್ಲ.

ಇದೆಲ್ಲ ಐಟಿ ಗೊತ್ತಿಲ್ಲದವರ ಪಾಡು ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಪ್ರೋಗ್ರಾಂಗಳ ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಡೈರೆಕ್ಟರಿ ಅಳಿಸಲು ಶುರುಮಾಡಿ, ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿರುವಾಗ ಕೈ ತಡೆದರು. ದಿನದ ಡಂಪ್ ಇರಬೇಕಿತ್ತು, ಇರಲಿಲ್ಲ. ಸರ್ವರಿನಲ್ಲಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿ, ಡಂಪ್ ಪ್ರೋಗ್ರಾಂ ಹಳೆಯ 9.2, ಹಾಗಾಗಿ ಅದು ಪ್ರತಿಸಲ ಸೋಲುತ್ತಿತ್ತು. ಸೋತೆನೆಂದು ಹೇಳುವ ಇಮೇಲ್‌ಗಳು, ಕಳುಹಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ತಪಾಸಣೆಯಲ್ಲಿ ತಿರಸ್ಕೃತವಾಗಿ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದ ಒಂದು ಸ್ನ್ಯಾಪ್‌ಶಾಟ್ (ಆ ಗಳಿಗೆಯ ಡಿಸ್ಕಿನ ಪ್ರತಿ) ಅವರನ್ನು ಉಳಿಸಿತು. ಆದ್ದರಿಂದ ಸೋತಾಗ ಬರುವ ಇಮೇಲನ್ನು ನೆಚ್ಚಬೇಡಿ, ಗೆದ್ದಾಗಲೂ ಬರುವಂತೆ ಮಾಡಿ. ಬರದ ದಿನ ಎದ್ದು ಹೋಗಿ ನೋಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವರಿಗೆ ಎರಡೂ ಹೋದವು. ಕ್ಲೌಡ್ ಅಂದರೂ ಅದು ಯಾವುದೋ ಊರಿನ ಯಾವುದೋ ಕಟ್ಟಡವೇ.

ಇನ್ನು ಡಿಸ್ಕ್ ಟಕ್ ಎಂದ ಗಳಿಗೆಯ ವಿಷಯ. ನಮ್ಮ ಕಥೆಯ ಕಚೇರಿಯಲ್ಲಿ ನಾಲ್ಕು ಸಲ ಆಫ್ ಆನ್ ಮಾಡಿ, ಕೊನೆಗೆ ವಿಂಡೋಸಿನ ಡಿಸ್ಕ್ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸಿದರು. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ರಿಪೇರಿಗೆ ಬಿಟ್ಟ ಚೆಕ್‌ಡಿಸ್ಕ್ ಡಿಸ್ಕಿನ ಮೇಲೆ ಬರೆಯುತ್ತದೆ, ಹೆಡ್ ಹಾಳಾಗಿದ್ದರೆ ಪ್ರತಿ ಸುತ್ತಿಗೂ ತಟ್ಟೆ ಗೀಚಬಹುದು. ಸದ್ದು ಕೇಳಿದ ಕೂಡಲೇ ಕರೆಂಟ್ ತೆಗೆಯಿರಿ, ರಿಕವರಿ ಲ್ಯಾಬಿಗೆ ಹಾಗೇ ಕೊಡಿ. ಸದ್ದಿಲ್ಲದೆ ಓದಲು ಮಾತ್ರ ತಡವರಿಸುವ ಡಿಸ್ಕಾದರೆ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಮೊದಲು ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆದು, ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ಮಾಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲಿನ ಆಸೆ ಕಮ್ಮಿ, ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗ ಗುಡಿಸಿಬಿಡುತ್ತದೆ.

ಮರಳಿ ತರಲು ಎಷ್ಟು ಹೊತ್ತು ಎಂಬುದನ್ನೂ ಈಗಲೇ ಲೆಕ್ಕ ಹಾಕಿ. 500 ಜಿಬಿ ಕ್ಲೌಡಿನಲ್ಲಿದ್ದು ನಿಮ್ಮ ಸಂಪರ್ಕ 50 ಎಂಬಿಪಿಎಸ್ ಆಗಿದ್ದರೆ, ಪೂರ್ತಿ ವೇಗ ಸಿಕ್ಕರೂ 22 ಗಂಟೆ. ಅಷ್ಟು ಹೊತ್ತು ಕಚೇರಿ ಬಾಗಿಲು ಹಾಕಲು ಆಗದಿದ್ದರೆ ಒಂದು ಪ್ರತಿ ಕಚೇರಿಯಲ್ಲೇ ಬೇಕು.

ಮೂರು ತಿಂಗಳಿಗೊಮ್ಮೆ, ಬ್ಯಾಕಪ್ ಕಟ್ಟದ ಇನ್ನೊಬ್ಬರ ಕೈಯಲ್ಲಿ ಬೇರೆ ಕಂಪ್ಯೂಟರ್ ಕೊಟ್ಟು, ಹಳೆಯ ಯಂತ್ರ ಸುಟ್ಟುಹೋಗಿದೆ ಎಂದುಕೊಂಡು ಎಲ್ಲವನ್ನೂ ಮರಳಿ ಕಟ್ಟಲು ಹೇಳಿ. ಸಿಕ್ಕಿಕೊಳ್ಳುವ ಜಾಗಗಳು ಆಗಲೇ ಗೊತ್ತಾಗುವುದು: ಬ್ಯಾಕಪ್ಪಿನ ಪಾಸ್‌ವರ್ಡ್ ಸತ್ತ ಯಂತ್ರದ ಬ್ರೌಸರಿನಲ್ಲೇ ಇದೆ, ಒಟಿಪಿ ರಜೆಯಲ್ಲಿರುವವರ ಫೋನಿಗೆ ಹೋಗುತ್ತದೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಯ ಕೀಲಿಯನ್ನು ಯಾರೂ ಬರೆದಿಟ್ಟಿಲ್ಲ, ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸ್ ಹಳೆಯ ಮದರ್‌ಬೋರ್ಡಿಗೆ ಅಂಟಿಕೊಂಡಿದೆ. ಇವನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿ, ಕಚೇರಿಯ ಹೊರಗೆ ಇಡಿ. ಕಟ್ಟಿ ಮುಗಿದ ಮೇಲೆ ಪರದೆ ತೆರೆದುಕೊಂಡಿತು ಎಂದು ಏಳಬೇಡಿ. ಹಿಂದಿನ ದಿನದ ಕೊನೆಯ ವೋಚರಿನ ಸಂಖ್ಯೆ, ಮೊತ್ತ ಎರಡನ್ನೂ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದು, ಅದಕ್ಕೆ ಹೋಲಿಸಿ.