ಫಿಫಾ 11+ ವಾರ್ಮಪ್: ಭಾನುವಾರದ ಟರ್ಫ್ ಮಂದಿಗೆ ಆಗಿಬರುತ್ತಾ?

ಫಿಫಾದವ್ರು ಫ್ರೀಯಾಗಿ ಕೊಟ್ಟಿರೋ 11+ ಅನ್ನೋ ವಾರ್ಮಪ್ ಪ್ರೋಗ್ರಾಂ ಬಗ್ಗೆ ಈ ರಿವ್ಯೂ. ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ದುಡ್ಡು ಕೊಟ್ಟು ತಗೊಳೋ ಐಟಂ ಅಲ್ಲ ಇದು, ಮ್ಯಾನ್ಯುಯಲ್ ಪಿಡಿಎಫ್ ಸಿಗುತ್ತೆ, ಯೂಟ್ಯೂಬಲ್ಲಿ ವೀಡಿಯೋ ಇದಾವೆ, ಬೇಕಾಗಿರೋದು ಒಂದು ಬಾಲು, ಹನ್ನೆರಡು ಕೋನು, ಆಮೇಲೆ 20 ನಿಮಿಷ. ಆ ಕೊನೇದೇ ನೋಡಿ ಕಾಸ್ಟ್ಲಿ. ಬೆಂಗ್ಳೂರಲ್ಲಿ ಟರ್ಫ್ (ಬಾಡಿಗೆಗೆ ಸಿಗೋ ಕೃತಕ ಹುಲ್ಲಿನ ಮೈದಾನ) ಬುಕ್ ಮಾಡಿ ಫುಟ್‌ಬಾಲ್ ಆಡೋರಿಗೆ ಗೊತ್ತು, ಗಂಟೆ ಲೆಕ್ಕದಲ್ಲಿ ಕಾಸು ಕಟ್ಟಿ, ಎಲ್ರತ್ರ ಯುಪಿಐ ವಸೂಲಿ ಮಾಡೋಷ್ಟ್ರಲ್ಲಿ ಅರ್ಧ ಜೀವ ಹೋಗಿರುತ್ತೆ, ಅಂಥದ್ರಲ್ಲಿ ಮೊದಲ 20 ನಿಮಿಷ ಕೋನ್ ಸುತ್ತಿ ಬಸ್ಕಿ ಹೊಡೀರಿ ಅಂದ್ರೆ ಗ್ರೂಪಲ್ಲಿ ಹೊಡೆಯೋಕೇ ಬರ್ತಾರೆ.

ನಮ್ಮಲ್ಲಿ ನಡೆಯೋ ವಾರ್ಮಪ್ ನಿಮಗೂ ಗೊತ್ತಿರೋದೇ. ಶೂ ಲೇಸ್ ಕಟ್ಕೊಂಡು, ಬಗ್ಗಿ ಕಾಲ್ಬೆರಳು ಮುಟ್ಟೋದು (ಮುಟ್ಟಿದಂಗೆ ಮಾಡೋದು), ಹಿಮ್ಮಡೀನ ಹಿಂದಕ್ಕೆ ಎಳ್ಕೊಂಡು ಪಕ್ಕದವನ ಭುಜ ಹಿಡ್ಕೊಂಡು ನಿಲ್ಲೋದು, ಕೈ ಎರಡು ಸುತ್ತು ತಿರುಗ್ಸೋದು, ಆಮೇಲೆ ಎಲ್ರೂ ಒಟ್ಟಿಗೆ ಗೋಲ್ ಕಡೆ ಕಣ್ಮುಚ್ಕೊಂಡು ಶಾಟ್ ಹೊಡೆಯೋದು. ಸ್ಕೂಲಲ್ಲಿ ಪಿಟಿ ಮೇಷ್ಟ್ರು ಹೇಳ್ಕೊಟ್ಟಿದ್ದು ಅಂತ ಬಿಡೋಕಾಗಲ್ಲ. ಆದ್ರೆ ಹೀಗೆ ನಿಂತಲ್ಲೇ ಎಳ್ಕೊಂಡು ಹಿಡಿಯೋ ಸ್ಟ್ರೆಚಿಂಗಿಂದ ಪೆಟ್ಟು ತಪ್ಪುತ್ತೆ ಅನ್ನೋದಕ್ಕೆ ಪುರಾವೆ ತುಂಬಾ ವೀಕು. ಆಸ್ಟ್ರೇಲಿಯಾ ಸೈನ್ಯದಲ್ಲಿ ಹೊಸದಾಗಿ ಸೇರಿದ 1538 ಜನರನ್ನ ಇಟ್ಕೊಂಡು 12 ವಾರ ನೋಡಿದ್ರು, 2000ನೇ ಇಸವೀಲಿ ಅದು ಪ್ರಿಂಟಾಯ್ತು, ಅರ್ಧ ಜನ ಟ್ರೈನಿಂಗಿಗೆ ಮುಂಚೆ ಕಾಲಿನ ಸ್ನಾಯುಗಳನ್ನ ಸ್ಟ್ರೆಚ್ ಮಾಡಿದ್ರು, ಇನ್ನರ್ಧ ಜನ ಮಾಡ್ಲಿಲ್ಲ, ಕೊನೇಲಿ ಪೆಟ್ಟು ಮಾಡ್ಕೊಂಡೋರ ಲೆಕ್ಕದಲ್ಲಿ ಹೇಳ್ಕೊಳ್ಳೋಂಥ ವ್ಯತ್ಯಾಸ ಏನೂ ಬರ್ಲಿಲ್ಲ. ಮಾರನೇ ದಿನದ ಮೈಕೈ ನೋವೂ ಅಷ್ಟೇ, ಮುಂಚೆ ಎಳೆದ್ರೂ ಆಮೇಲೆ ಎಳೆದ್ರೂ ಗೊತ್ತೇ ಆಗದಷ್ಟು ಕಮ್ಮಿ ಆಗುತ್ತೆ. ಇನ್ನೂ ಒಂದು ತಮಾಷೆ ಏನಂದ್ರೆ ಒಂದೇ ಸ್ನಾಯೂನ ನಿಮಿಷದ ಮೇಲೆ ಎಳ್ಕೊಂಡು ನಿಂತ್ರೆ ಸ್ವಲ್ಪ ಹೊತ್ತು ಅದರ ಶಕ್ತೀನೇ ಒಂಚೂರು ಇಳಿಯುತ್ತೆ, ಅಂದ್ರೆ ಸ್ಪ್ರಿಂಟ್ ಹೊಡೆಯೋಕೆ ಮುಂಚೆ ಬ್ರೇಕ್ ಒತ್ಕೊಂಡಂಗೆ. ಹತ್ತಿಪ್ಪತ್ತು ಸೆಕೆಂಡ್ ಎಳೆದ್ರೆ ಅಂಥ ನಷ್ಟ ಏನಿಲ್ಲ, ಭಯ ಬೀಳ್ಬೇಡಿ. ಮೈ ಬಾಗ್ಬೇಕು ಅಂದ್ರೆ ಸ್ಟ್ರೆಚಿಂಗ್ ಮಾಡ್ಲೇಬೇಕು, ಅದು ಬೇರೆ ವಿಷ್ಯ, ರಾತ್ರಿ ಟಿವಿ ನೋಡ್ಕೊಂಡು ಮಾಡಿ, ಆಟದ ಹೊತ್ತಲ್ಲಿ ಯಾಕೆ ಅಂತ.

ಮೈ ಬಿಸಿ ಆಗೋದು ಮಾತ್ರ ಬೇಕೇ ಬೇಕು. ಸ್ನಾಯು ಬಿಸಿಯಾದ್ರೆ ಬೇಗ ಬಿಗಿಯುತ್ತೆ ಬೇಗ ಸಡಿಲ ಆಗುತ್ತೆ, ನರಗಳ ಸಿಗ್ನಲ್ ಫಾಸ್ಟಾಗಿ ಹೋಗುತ್ತೆ, ರಕ್ತದಿಂದ ಆಕ್ಸಿಜನ್ ಸಲೀಸಾಗಿ ಇಳಿಯುತ್ತೆ. ಡಿಸೆಂಬರಲ್ಲಿ ಬೆಳಿಗ್ಗೆ ಆರು ಗಂಟೆ ಸ್ಲಾಟ್ ಆಡೋರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ 11+ ವಿಷ್ಯಕ್ಕೆ. 2006ರಲ್ಲಿ ಫಿಫಾದ ಮೆಡಿಕಲ್ ರಿಸರ್ಚ್ ವಿಭಾಗದೋರು ಓಸ್ಲೋ ಮತ್ತೆ ಸಾಂಟಾ ಮೋನಿಕಾದ ಸ್ಪೋರ್ಟ್ಸ್ ಮೆಡಿಸಿನ್ ತಂಡಗಳ ಜೊತೆ ಸೇರಿ ಮಾಡಿದ್ದು. ಒಟ್ಟು 15 ಎಕ್ಸರ್ಸೈಜು, ಮೂರು ಪಾರ್ಟು. ನಿಂತಲ್ಲೇ ಎಳ್ಕೊಂಡು ಹಿಡಿಯೋದು ಒಂದೂ ಇಲ್ಲ, ನನಗೆ ಮೊದ್ಲು ಇಷ್ಟ ಆಗಿದ್ದೇ ಅದು.

ಮೊದಲ ಪಾರ್ಟು 8 ನಿಮಿಷದ ನಿಧಾನ ಓಟ. ಆರು ಜೊತೆ ಕೋನ್‌ಗಳನ್ನ ಐದಾರು ಮೀಟರ್ ಅಂತರದಲ್ಲಿ ಎರಡು ಸಾಲು ಇಡ್ಬೇಕು, ಇಬ್ರಿಬ್ರು ಒಟ್ಟಿಗೆ ಹೊರಡ್ಬೇಕು, ಒಂದ್ಸಲ ನೇರ ಓಟ, ಒಂದ್ಸಲ ಮಂಡಿ ಎತ್ತಿ ತೊಡೇನ ಹೊರಗಡೆ ತಿರುಗ್ಸೋದು, ಆಮೇಲೆ ಒಳಗಡೆ, ಆಮೇಲೆ ಜೊತೆಗಾರನ ಸುತ್ತ ಒಂದು ಸುತ್ತು, ಆಮೇಲೆ ಇಬ್ರೂ ಪಕ್ಕಕ್ಕೆ ಹಾರಿ ಭುಜಕ್ಕೆ ಭುಜ ತಾಗಿಸೋದು, ಕೊನೇಗೆ ಮುಂದೆ ಓಡಿ ಹಿಂದೆ ಬರೋದು. ಭುಜ ತಾಗಿಸೋದು ನೋಡಿ ಪಕ್ಕದ ಟರ್ಫಲ್ಲಿ ಆಡ್ತಿದ್ದ ಹುಡುಗರು ಫುಲ್ ನಕ್ಕಿದ್ರು, ಮಾಡೋರಿಗೂ ನಗು ಬರುತ್ತೆ, ಆದ್ರೆ ಗಾಳೀಲಿ ಇನ್ನೊಬ್ಬನ ಡಿಕ್ಕಿ ತಿಂದು ಎರಡು ಕಾಲ ಮೇಲೆ ಮಂಡಿ ಬಗ್ಗಿಸಿ ಇಳಿಯೋದು ಹೆಂಗೆ ಅಂತ ಅಲ್ಲೇ ಕಲಿಯೋದು. ಹೆಡರ್‌ಗೆ ಹಾರಿ ಒಂಟಿ ಕಾಲಲ್ಲಿ ವಕ್ರವಾಗಿ ಇಳಿದು ಮಂಡಿ ಹಾಳು ಮಾಡ್ಕೊಂಡೋರು ಪ್ರತಿ ಗ್ರೂಪಲ್ಲೂ ಒಬ್ರಾದ್ರೂ ಇರ್ತಾರೆ.

ಎರಡನೇ ಪಾರ್ಟೇ ನಿಜವಾದ ಮಾಲು. 10 ನಿಮಿಷ, ಆರು ಐಟಂ, ಒಂದೊಂದಕ್ಕೂ ಸುಲಭ, ಮೀಡಿಯಂ, ಕಷ್ಟ ಅಂತ ಮೂರು ಲೆವೆಲ್. ಪ್ಲ್ಯಾಂಕ್ (ಮೊಣಕೈ ಊರಿ ಮೈನ ಹಲಗೆ ಥರ ನೆಟ್ಟಗೆ ಹಿಡಿಯೋದು), ಸೈಡ್ ಪ್ಲ್ಯಾಂಕ್, ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು), ಒಂಟಿ ಕಾಲಲ್ಲಿ ಬ್ಯಾಲೆನ್ಸ್, ಬಸ್ಕಿ, ಜಿಗಿತ. ಪ್ಲ್ಯಾಂಕು ಬಸ್ಕಿ ಬಗ್ಗೆ ಹೇಳೋದೇನಿಲ್ಲ, ಜಿಮ್ಮಿಗೆ ಹೋಗೋರಿಗೆಲ್ಲ ಗೊತ್ತು. ಹ್ಯಾಮ್‌ಸ್ಟ್ರಿಂಗ್‌ದು ಮಾತ್ರ ಒಂದು ಕಥೆ. ನಾರ್ಡಿಕ್ ಅಂತಾರೆ ಅದಕ್ಕೆ. ಮಂಡಿಯೂರಿ ನೆಟ್ಟಗೆ ನಿಲ್ಬೇಕು, ಹಿಂದಿಂದ ಒಬ್ಬ ನಿಮ್ಮ ಕಾಲಿನ ಗಿಣ್ಣು ಗಟ್ಟಿಯಾಗಿ ಹಿಡ್ಕೋಬೇಕು, ನೀವು ತಲೆಯಿಂದ ಮಂಡಿವರೆಗೂ ಬೆಂಡಾಗದಂಗೆ ನಿಧಾನಕ್ಕೆ ಮುಂದಕ್ಕೆ ವಾಲ್ತಾ ಹೋಗ್ಬೇಕು, ಇನ್ನು ಆಗಲ್ಲ ಅನ್ನೋವಾಗ ಕೈ ಊರಿ ಬೀಳ್ಬೇಕು. ಹೇಳೋಕೆ ಎರಡು ಸಾಲು, ಆದ್ರೆ ಹೊಸಬರಿಗೆ ಮ್ಯಾನ್ಯುಯಲ್ ಹೇಳೋದು ಬರೀ 3ರಿಂದ 5 ಸಲ ಸಾಕು ಅಂತ, ಯಾಕೆ ಅಷ್ಟು ಕಮ್ಮಿ ಅಂತ ಮಾರನೇ ದಿನ ಗೊತ್ತಾಗುತ್ತೆ, ತೊಡೆ ಹಿಂದೆ ಹಿಡ್ಕೊಂಡು ಮೆಟ್ಲು ಇಳಿಯೋಕೂ ಆಗಲ್ಲ ಆಫೀಸ್ ಚೇರಲ್ಲಿ ಕೂರೋಕೂ ಆಗಲ್ಲ. ಆ ನೋವು ಎರಡು ಮೂರು ವಾರದಲ್ಲಿ ಹೋಗುತ್ತೆ, ಬಿಡ್ಬೇಡಿ, ಓಡ್ತಾ ಓಡ್ತಾ ತೊಡೆ ಹಿಂದೆ ಚಟ್ ಅಂತ ಹಿಡ್ಕೊಂಡು ಕುಂಟ್ಕೊಂಡು ಹೊರಗೆ ಹೋಗೋರಿಗೆ ಇದಕ್ಕಿಂತ ಒಳ್ಳೇ ಔಷಧಿ ನಾನಂತೂ ನೋಡಿಲ್ಲ.

ಮೂರನೇ ಪಾರ್ಟು 2 ನಿಮಿಷ ಅಷ್ಟೇ, ಜೋರು ಓಟ, ಉದ್ದುದ್ದ ನೆಗೆತ, ಆಮೇಲೆ ಓಡ್ತಾ ಕಾಲೂರಿ ಸರಕ್ಕನೆ ದಿಕ್ಕು ಬದಲಾಯಿಸೋದು. ಇಲ್ಲಿ ಮಂಡಿ ಒಳಗಡೆ ಬೀಳ್ಬಾರ್ದು ಅಂತ ಇಡೀ ಪ್ರೋಗ್ರಾಮಲ್ಲಿ ತಲೆ ಚಿಟ್ಟು ಹಿಡಿಯೋವರೆಗೂ ಹೇಳ್ತಾರೆ. ಹೇಳ್ಲಿ, ಅದೇ ಪಾಯಿಂಟು.

ಕೆಲಸ ಮಾಡುತ್ತಾ ಅಂತ ಕೇಳಿದ್ರೆ, ನಾರ್ವೇಲಿ 13ರಿಂದ 17 ವರ್ಷದ ಹುಡುಗೀರ 125 ಕ್ಲಬ್‌ಗಳಲ್ಲಿ 2007ರ ಸೀಸನ್ ಪೂರ್ತಿ ನೋಡಿದಾಗ ಒಟ್ಟು ಪೆಟ್ಟುಗಳು ಹತ್ರತ್ರ ಮೂರರಲ್ಲಿ ಒಂದು ಭಾಗ ಕಮ್ಮಿ ಆಗಿದ್ವು, ದೊಡ್ಡ ಪೆಟ್ಟು ಹೆಚ್ಚೂಕಮ್ಮಿ ಅರ್ಧ. ಅಮೆರಿಕಾದ ಕಾಲೇಜ್ ಹುಡುಗರ ಟೀಮುಗಳಲ್ಲೂ ಅದೇ ಥರ ಅರ್ಧದ ಹತ್ರ ಇಳೀತು. ಸೂಪರ್ ಅಲ್ವಾ. ಆದ್ರೆ ಅವ್ರು ನಮ್ಮ ಥರ ಅಲ್ಲ ಗುರೂ, ವಾರ ಪೂರ್ತಿ ಪ್ರಾಕ್ಟೀಸ್ ಮಾಡೋ ಮಕ್ಕಳು. ನಮ್ಮ ಥರದೋರ ಮೇಲೆ ಮಾಡಿದ್ದು ಜರ್ಮನೀಲಿ, ಮೂವತ್ತು ದಾಟಿದ ವೆಟರನ್ ಆಟಗಾರರು, ವಾರಕ್ಕೆ ಒಂದ್ಸಲದ ಹತ್ರ ಮಾಡಿದ್ರು, ಒಟ್ಟು ಪೆಟ್ಟಿನ ಲೆಕ್ಕದಲ್ಲಿ ಏನೂ ಹೇಳ್ಕೊಳ್ಳೋಂಥ ವ್ಯತ್ಯಾಸ ಬರ್ಲಿಲ್ಲ, ತೀರಾ ದೊಡ್ಡ ಪೆಟ್ಟು ಮಾತ್ರ ಕಮ್ಮಿ ಆಯ್ತು. ಮ್ಯಾನ್ಯುಯಲ್ಲೇ ಹೇಳುತ್ತೆ ವಾರಕ್ಕೆ ಎರಡು ಸಲನಾದ್ರೂ ಮಾಡಿ ಅಂತ. ನಾನು ಒಂದು ಸ್ಟಾರ್ ಕಟ್ ಮಾಡಿರೋದು ಇದಕ್ಕೇ. ಭಾನುವಾರ ಮಾತ್ರ ಆಡೋನಿಗೆ ಭಾನುವಾರ ಮಾತ್ರ ಮಾಡೋ 11+ ಪೂರ್ತಿ ಸಾಲಲ್ಲ.

ಹಾಗಾಗಿ ನಾವು ಒಡೆದು ಮಾಡ್ತೀವಿ. ಮ್ಯಾಚ್ ದಿನ ಎರಡನೇ ಪಾರ್ಟ್ ಬಿಟ್ಟು ಬರೀ ಒಂದು ಮತ್ತೆ ಮೂರು ಮಾಡಿ ಅಂತ ಫಿಫಾದವ್ರೇ ಹೇಳಿದಾರೆ, ಅಲ್ಲಿಗೆ 10 ನಿಮಿಷ ಆಯ್ತು. ಆಸ್ಟ್ರೇಲಿಯಾದ ಸೆಮಿ ಪ್ರೊಫೆಷನಲ್ ಟೀಮುಗಳಲ್ಲಿ ಎರಡನೇ ಪಾರ್ಟನ್ನ ಟ್ರೈನಿಂಗ್ ಮುಗಿದ ಮೇಲೆ ಮಾಡ್ಸಿ ನೋಡಿದ್ರೆ ಜನ ಜಾಸ್ತಿ ನಿಯತ್ತಾಗಿ ಮಾಡಿದ್ರು, ಪೆಟ್ಟಿಂದ ಹೊರಗೆ ಕೂರೋ ದಿನಗಳೂ ಇಳಿದ್ವು. ಅದನ್ನ ಓದಿ ಧೈರ್ಯ ಬಂತು, ನಾವು ಎರಡನೇ ಪಾರ್ಟನ್ನ ಮಂಗಳವಾರ ಗುರುವಾರ ಮನೇಲೇ ಮಾಡೋದು ಅಂತ ಮಾಡ್ಕೊಂಡ್ವಿ. ನಾರ್ಡಿಕ್‌ಗೆ ಕಾಲು ಹಿಡಿಯೋರು ಇಲ್ಲ ಅಂದ್ರೆ ಮಂಚದ ಕೆಳಗೆ ಹಿಮ್ಮಡಿ ಸಿಗಿಸಿ, ಮಂಚ ಭಾರ ಇರ್ಬೇಕು ಆಯ್ತಾ, ಪ್ಲೈವುಡ್ ಮಂಚ ನಿಮ್ಮ ಜೊತೇಲೇ ಎದ್ದು ಬರುತ್ತೆ. ಮನೇಲಿ ಮಾಡೋದು ರಿಸರ್ಚಲ್ಲಿ ಟೆಸ್ಟ್ ಆಗಿರೋ ರೂಪ ಅಲ್ಲ ಅನ್ನೋದು ನೆನಪಿರ್ಲಿ, ನಮ್ಮ ಅಡ್ಜಸ್ಟ್‌ಮೆಂಟು.

ಟರ್ಫಲ್ಲೇ ಪೂರ್ತಿ ಮಾಡೋರಿಗೆ ಒಂದೆರಡು ಮಾತು. ಕೃತಕ ಹುಲ್ಲಿನ ರಬ್ಬರ್ ಕಾಳು ಮಂಡಿಗೆ ಚುಚ್ಚುತ್ತೆ, ಎರಡು ಬಿಬ್ (ಟೀಮ್ ಗುರುತಿಗೆ ಮೇಲೆ ಹಾಕೋ ಬನಿಯನ್) ಮಡಚಿ ಕೆಳಗೆ ಹಾಕ್ಕೊಳ್ಳಿ. ನಿಮ್ಮಷ್ಟೇ ತೂಕದೋನನ್ನ ಜೊತೆಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಭುಜ ತಾಗಿಸೋವಾಗ ಒಬ್ಬ ನೆಟ್ಟಲ್ಲಿ ಹೋಗಿ ಬೀಳ್ತಾನೆ. ಮೊದಲ ಪಾರ್ಟನ್ನ ಸ್ಲಾಟ್ ಶುರು ಆಗೋ ಮುಂಚೆ ಗೇಟ್ ಹೊರಗೆ ಪಾರ್ಕಿಂಗಲ್ಲಿ ಮುಗಿಸ್ಬಿಡಬಹುದು, ಕೋನ್ ಬದ್ಲು ನೀರಿನ ಬಾಟಲ್ ಇಟ್ರೂ ನಡಿಯುತ್ತೆ. ಮಂಡೀಲಿ ಹಳೇ ಪೆಟ್ಟಿರೋರು, ಲಿಗಮೆಂಟ್ ಆಪರೇಷನ್ ಆಗಿರೋರು ಜಿಗಿಯೋ ಐಟಂ ಮುಟ್ಟೋಕೆ ಮುಂಚೆ ಫಿಸಿಯೋನ ಕೇಳಿ.

ಶಟ್ಲು ಆಡೋರು, ರನ್ನಿಂಗ್ ಹೋಗೋರು ನಮಗೂ ಆಗುತ್ತಾ ಅಂತಾರೆ. ಮಾಡಿಟ್ಟಿರೋದು ಫುಟ್‌ಬಾಲಿಗೆ, ಎರಡನೇ ಪಾರ್ಟ್ ಮಾಡಿದ್ರೆ ಕಾಲಿಗೆ ಬಲ ಅಂತೂ ಬರುತ್ತೆ, ಆದ್ರೆ ಶಟ್ಲಿಗೆ ಭುಜ ಮುಂಗೈ ಬೇಕು, ಅದು ಇದ್ರಲ್ಲಿ ಏನೂ ಇಲ್ಲ.

ಇನ್ನು ಜನರನ್ನ ಒಪ್ಸೋದು. ರಿಸರ್ಚು ಪಿಡಿಎಫ್ ಎಲ್ಲಾ ಗ್ರೂಪಲ್ಲಿ ಹಾಕಿ ನೋಡಿದ್ವಿ, ಬರೀ ಥಂಬ್ಸಪ್ ಬಂತು. ಕೊನೇಗೆ ಒಂದೇ ರೂಲ್ ಮಾಡಿದ್ವಿ, ವಾರ್ಮಪ್‌ಗೆ ಬರದೇ ಇರೋನು ಮೊದಲ ಹದಿನೈದು ನಿಮಿಷ ಗೋಲಲ್ಲಿ ನಿಲ್ಬೇಕು. ಗೋಲ್‌ಕೀಪರ್‌ಗೆ ಮೈ ಬಿಸಿ ಆಗೋದು ಬೇಡ್ವಾ ಅಂತ ಕೇಳ್ಬೇಡಿ, ಬೇಕು, ಡೈವ್ ಹೊಡೆಯೋನಿಗೆ ಎಲ್ರಿಗಿಂತ ಜಾಸ್ತಿ ಬೇಕು, ಆದ್ರೆ ನಮ್ಮಲ್ಲಿ ಯಾವ ಗೋಲ್‌ಕೀಪರ್ ಡೈವ್ ಹೊಡೀತಾನೆ. ಈಗ ಎಲ್ರೂ ಟೈಮಿಗೆ ಬಂದು ಬಾಟಲ್ ಜೋಡಿಸ್ತಾರೆ, ಗೋಲಲ್ಲಿ ನಿಲ್ಲೋಕೆ ಮಾತ್ರ ಆಳಿಲ್ಲ, ವಾರಾ ವಾರಾ ಚೀಟಿ ಎತ್ತೋದಾಗಿದೆ.